ಬೀಗದಣ್ಣನ ಮಂಗಳವಾರಗಳು

ಊರಿನವರ ಬಾಗಿಲುಗಳನ್ನೆಲ್ಲ ತೆಗೆದುಕೊಟ್ಟ ಬೀಗದಣ್ಣನ ಬಾಗಿಲು ತಟ್ಟುವವರು ಯಾರೂ ಇರಲಿಲ್ಲ. ಹೆಂಡತಿ ಹೋಗಿ ಹನ್ನೊಂದು ವರ್ಷ. ಕಣ್ಣು ಮಂಜಾದ ಮೇಲೆ ಬೀಗ ರಿಪೇರಿಯ ಅಂಗಡಿಯೂ ಮುಚ್ಚಿತು. ಆಗಲೇ ಪ್ರಯೋಗಾಲಯವೊಂದರ ಗೋಡೆಯ ಮೇಲೆ ಚೀಟಿ ಕಂಡ. ಕುಡಿದು ಕೂರಲು ಜನ ಬೇಕಂತೆ!

"ಮೆಕ್ಕೆಜೋಳದ ಪ್ರೋಟೀನನ್ನ ಸಣ್ಣ ಸಣ್ಣ ಚೂರು ಮಾಡಿದ ಪುಡಿ ಅಣ್ಣ ಇದು. ಆ ಚೂರಿಗೆ ಪೆಪ್ಟೈಡ್ ಅಂತಾರೆ. ಕುಡಿದಿದ್ದನ್ನ ಕರಗಿಸೋಕೆ ಲಿವರ್‌ಗೆ ನೆರವಾಗುತ್ತಾ ಅಂತ ನೋಡ್ಬೇಕು," ಎಂದಳು ಅಲ್ಲಿನ ಡಾಕ್ಟರಮ್ಮ.

"ಅಂದ್ರೆ ಕುಡುಕರಿಗೆ ನಕಲಿ ಕೀಲಿ ಮಾಡ್ತಿದೀರಿ ಅನ್ನಿ!"

ಡಾಕ್ಟರಮ್ಮ ಬಾಯ್ತುಂಬ ನಕ್ಕಳು.

ಪ್ರತಿ ಮಂಗಳವಾರ ಬೆಳಗ್ಗೆ ಪುಡಿ ಕದಡಿದ ನೀರು, ಮೇಲೆ ಅಳತೆಯ ಮದ್ಯ. ಆಮೇಲೆ ಅರ್ಧ ಗಂಟೆಗೊಮ್ಮೆ, ಉಸಿರಲ್ಲಿ ಎಷ್ಟು ಮದ್ಯ ಉಳಿದಿದೆ ಅಂತ ಅಂಕಿ ತೋರಿಸುವ ಯಂತ್ರಕ್ಕೆ ಊದಬೇಕು. ಊದಿದಾಗೆಲ್ಲ ಆಕೆ ಕೇಳುವಳು: "ಹೇಗನಿಸ್ತಿದೆ ಅಣ್ಣ?" ವರ್ಷಗಳಿಂದ ಅವನನ್ನು ಆ ಮಾತು ಕೇಳಿದವರೇ ಇರಲಿಲ್ಲ.

ಪುಡಿ ಮಾತ್ರ ಚುರುಕಾಗಿತ್ತು. ಮಧ್ಯಾಹ್ನ ಎರಡಕ್ಕೆಲ್ಲ, "ಸೊನ್ನೆಗೆ ಬಂತು, ಹೊರಡಿ ಅಣ್ಣ!" ಕತ್ತು ಹಿಡಿದು ಆಚೆ ನೂಕಿದಂತಾಗುತ್ತಿತ್ತು ಅವನಿಗೆ.

ನಾಲ್ಕನೆಯ ವಾರ ಕೋಟಿನ ಒಳಜೇಬಿನಲ್ಲಿ ಮದ್ಯದ ಚಪ್ಪಟೆ ಸೀಸೆ ತಂದ. ಶೌಚಾಲಯಕ್ಕೆ ಹೋದಾಗಲೆಲ್ಲ ಎರಡು ಗುಟುಕು. ಅಂಕಿ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಸಂಜೆ ಐದರವರೆಗೂ ಕೂತ. ಡಾಕ್ಟರಮ್ಮ ತನ್ನ ಬಿಸ್ಕತ್ತಿನಲ್ಲೂ ಪಾಲು ಕೊಟ್ಟಳು. ಮರುವಾರವೂ ಅದೇ ಆಟ.

ಆರನೆಯ ವಾರ ಅವನು ಮದ್ಯದ ಲೋಟ ಕೆಳಗಿಡುವಷ್ಟರಲ್ಲಿ ಆಕೆ ಮುಖ ಬಾಡಿಸಿಕೊಂಡು ಕಾಗದ ಹರಡಿದಳು.

"ಪರೀಕ್ಷೆಗಿರೋದೇ ನಾಲ್ಕು ಜನ. ಅದರಲ್ಲಿ ನಿಮ್ಮ ಅಂಕಿ ಇಳೀತಾನೇ ಇಲ್ಲ ಅಣ್ಣ. ಆರು ವರ್ಷದ ಕೆಲಸ. ಪುಡಿ ಕೈಕೊಡ್ತು. ನಿಲ್ಲಿಸಿಬಿಡ್ತೀನಿ."

ಬೀಗದಣ್ಣ ಬಾಯಿ ಮುಚ್ಚಿಕೊಂಡಿದ್ದರೆ ಇವತ್ತೂ ಐದರವರೆಗೆ ಕೂರಬಹುದಿತ್ತು. ಜೇಬಿನಿಂದ ಸೀಸೆ ತೆಗೆದು ಮೇಜಿನ ಮೇಲಿಟ್ಟ.

"ಪುಡಿ ಅಲ್ಲಮ್ಮ, ಕೈಕೊಟ್ಟಿದ್ದು ನಾನು."

"ಯಾಕಣ್ಣ?"

"ಬೇಗ ಮನೆಗೆ ಕಳಿಸ್ಬಿಡ್ತೀರಲ್ಲ."

ಆಕೆ ಅವನ ಅಂಕಿಯ ಹಾಳೆಗಳ ಮೇಲೆ ಉದ್ದಕ್ಕೆ ಗೀಟೆಳೆದಳು.

"ಇನ್ನು ನಿಮ್ಮನ್ನ ಸೇರಿಸ್ಕೊಳ್ಳೋ ಹಾಗಿಲ್ಲ ಅಣ್ಣ. ಇವತ್ತು ಮಾತ್ರ ಇಳಿಯೋವರೆಗೂ ಕೂತಿರಿ."

ಕೂತ. ಅರ್ಧ ಗಂಟೆಗೊಮ್ಮೆ ಆಕೆ ಬಂದಳು, ಹೇಗನಿಸ್ತಿದೆ ಅಂದಳು. ಚೆನ್ನಾಗಿದೀನಮ್ಮ ಅಂದ. ಸೀಸೆ ಮೇಜಿನ ಮೇಲೇ ಇತ್ತು. ಅವನು ಮುಟ್ಟಲಿಲ್ಲ.

ಮಧ್ಯಾಹ್ನ ಎರಡಕ್ಕೆಲ್ಲ ಸೊನ್ನೆ.