ಎದುರು ಪಕ್ಷದ ಚೀಟಿ

ಮಧ್ಯಾಹ್ನ ಮೂರೂ ಇಪ್ಪತ್ತು. ಸಿಂದಗಿಯ ನಮ್ಮ ಕಾಲೇಜಿನ ಗೇಟು ಅಲುಗಲು ಶುರುವಾದದ್ದು ಆಗ. ಮೊನ್ನೆ ಇಂಡಿ ಪಟ್ಟಣದ ಅಂಗಡಿಯೊಂದರಲ್ಲಿ ಜ್ಯೇಷ್ಠಮಧುವಿನ ವಾಸನೆ ಮೂಗಿಗೆ ಬಡಿದಾಗಲೂ ನನಗೆ ಕೇಳಿಸಿದ್ದು ಅದೇ ಸದ್ದು... ಚರ್ಚಾಸ್ಪರ್ಧೆಗೆ ನಿಲ್ಲುವವರ ಗಂಟಲಿಗೆಂದು ನಮ್ಮ ರಾಜ್ಯಶಾಸ್ತ್ರದ ಸರ್ ಆ ಬೇರಿನ ತುಂಡುಗಳನ್ನು ಸದಾ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು.

ಅವರದೊಂದು ರೂಢಿಯಿತ್ತು. ಪರವೋ ವಿರೋಧವೋ, ಚೀಟಿ ಎತ್ತಿಯೇ ತಿಳಿಯಬೇಕು. ಯುದ್ಧದ ಹೊತ್ತಿನಲ್ಲಿ ಸರ್ಕಾರವನ್ನು ಪ್ರಶ್ನಿಸಬಾರದು ಎಂಬುದು ಆ ಸಲದ ವಿಷಯ. ನನ್ನ ಅಣ್ಣ ಸೈನ್ಯದಲ್ಲಿದ್ದ. ನನಗೆ ಬಂದದ್ದು ವಿರೋಧದ ಚೀಟಿ.

"ಸರ್, ಬದಲ್ ಮಾಡ್ರಿ. ಅಣ್ಣಗ ಗೊತ್ತಾದ್ರ ಮನ್ಯಾಗ ಸೇರಸಂಗಿಲ್ಲ."

"ಅಣ್ಣನ್ನ ನೆನಿಸ್ಕೊಂಡ ಬರಿಯವಾ. ಮದಲ ಈ ಬೇರು ಅಗಿ. ನಿನ್ನ ದನಿ ಕೇಳಿದ್ರ ಎಮ್ಮಿ ಹಾಲು ಬಿಡಂಗಿಲ್ಲ."

ಅಣ್ಣನನ್ನು ನೆನೆದೇ ಬರೆದೆ. 'ಈ ಯುದ್ಧ ಯಾರಿಗಾಗಿ ಎಂದು ಕೇಳುವುದು ಸೈನಿಕನಿಗೆ ಅವಮಾನವಲ್ಲ, ಅವನ ಜೀವಕ್ಕೆ ಬೆಲೆಯಿದೆ ಎಂದು ಹೇಳುವುದು.' ವೇದಿಕೆಯ ಮೇಲೆ ನಾನು ಅದನ್ನು ಹೇಳುವಾಗ ಯಾರೋ ಮೊಬೈಲಿನಲ್ಲಿ ಹಿಡಿದು, 'ಈ ಯುದ್ಧ ಯಾರಿಗಾಗಿ' ಎಂಬಷ್ಟನ್ನೇ ಕತ್ತರಿಸಿ ವಾಟ್ಸಾಪಿಗೆ ಬಿಟ್ಟರು.

ಮರುದಿನ ಮಧ್ಯಾಹ್ನ ಗೇಟಿಗೆ ಜನ ಬಂದರು. "ಆ ದೇಶದ್ರೋಹಿನ್ನ ಹೊರಗ ಕಳಸ್ರಿ!" ನಾನು ಗ್ರಂಥಾಲಯದ ಕಿಟಕಿಯ ಹಿಂದೆ ನಿಂತಿದ್ದೆ. ಪಕ್ಕದ ಗಾಜಿಗೆ ಕಲ್ಲು ಬಿತ್ತು. ಸರ್ ಒಬ್ಬರೇ ಗೇಟಿನತ್ತ ನಡೆದರು.

"ಮಾತು ನಂದ್ರೀ. ಬರದಾಂವ ನಾ. ಅಕಿ ಬಾಯಿಪಾಠ ಒಪ್ಪಿಸ್ಯಾಳ, ಅಷ್ಟ."

ಅದರಲ್ಲಿ ಒಂದಕ್ಷರವೂ ಅವರದಲ್ಲ. ಠಾಣೆಯಲ್ಲೂ ಅವರು ಅದನ್ನೇ ಹೇಳಿದರು. ದೇಶದ್ರೋಹದ ಕೇಸು ಅವರ ಮೇಲಾಯಿತು. ಕೆಲಸದಿಂದ ಅಮಾನತಾದರು, ಜಾಮೀನು ಸಿಗುವವರೆಗೆ ಜೈಲಿನಲ್ಲಿದ್ದರು. ಹೊರಗೆ ಬಂದಾಗ, ನಾನು ಖರೆ ಹೇಳಿಬಿಡುತ್ತೇನೆ ಎಂದೆ.

"ಹೇಳಿದಿ ಅಂದ್ರ ನಿನ್ನ ಓದೂ ಹೋಕ್ಕೈತಿ, ಅಣ್ಣನ ನೌಕ್ರಿನೂ ತೊಡಕಿಗೆ ಬೀಳತೈತಿ. ನಾ ರಿಟೈರ್ ಆಗೂ ಎತ್ತು. ಸುಮ್ನಿರು."

ಹೈಕೋರ್ಟು ಕೇಸನ್ನು ರದ್ದು ಮಾಡುವಷ್ಟರಲ್ಲಿ ಅವರು ನಿವೃತ್ತರಾಗಿದ್ದರು. ಪ್ರಶ್ನೆ ಕೇಳುವುದು ಹಿಂಸೆಗೆ ಕರೆ ಕೊಟ್ಟಂತಲ್ಲ, ಆದ್ದರಿಂದ ದೇಶದ್ರೋಹವೂ ಅಲ್ಲ ಎಂದಿತು ಆದೇಶ. ಕತ್ತರಿಸಿದ್ದ ನನ್ನ ವಾಕ್ಯ, ಇಂಗ್ಲಿಷಿನಲ್ಲಾದರೂ, ಅದರಲ್ಲಿ ಇಡಿಯಾಗಿತ್ತು. ಅವರ ಹೆಸರಿನಲ್ಲಿ.

ಗೆದ್ದರೂ ನನಗೆ ನಿದ್ದೆ ಬರಲಿಲ್ಲ. ಈಗ ಮುದ್ದೇಬಿಹಾಳದಲ್ಲಿ ಪಾಠ ಮಾಡುತ್ತೇನೆ. ಹಾಲಿನವನು ಗೇಟು ತೆಗೆದರೂ ಎದ್ದು ಕೂರುತ್ತಿದ್ದೆ. ಕಲ್ಲು ಒಂದು ಗೇಣು ಇತ್ತ ಬಿದ್ದಿದ್ದರೆ... ಅವರು ಗೇಟಿಗೆ ಹೋಗದಿದ್ದರೆ... ಈ ಬೇಸಿಗೆಯಲ್ಲಿ ಸರ್ ತಮ್ಮ ಊರಾದ ಮಸೂತಿಯ ಮನೆಯಲ್ಲಿ ತೀರಿಕೊಂಡರಂತೆ. ನನಗೆ ಗೊತ್ತಾದದ್ದು ತಡವಾಗಿ.

ಇಂಡಿಯಿಂದ ಬಂದ ಮರುದಿನ, ಭಾನುವಾರ, ಮಸೂತಿಗೆ ಹೋದೆ. ಅವರ ಹೆಂಡತಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು.

"ಅಮ್ಮಾರ, ಆ ಮಾತು ಸರ್ ಬರದದ್ದಲ್ರಿ. ನಾ ಬರದದ್ದು."

ಅವರು ಮೊರದಿಂದ ಕಣ್ಣೆತ್ತಲಿಲ್ಲ. "ಗೊತ್ತೈತಿ ತಗೋ. ಕೋರ್ಟಿನ ಕಾಗದ ಬಂದ ದಿನ ಮತ್ತ ಮತ್ತ ಓದಿದ್ರು. 'ಇಷ್ಟ ಚೊಲೋ ಬರಿಯಾಕ ನನಗೆಲ್ಲಿ ಬರತೈತಿ, ಹುಡುಗಿ ಬರದಾಳ' ಅಂದ್ರು."

ಆ ಭಾನುವಾರ ರಾತ್ರಿ ನಾನು ಬೆಳಗಾಗುವವರೆಗೂ ಎಚ್ಚರವಾಗದೆ ನಿದ್ದೆ ಮಾಡಿದೆ. ಆ ಮಾತನ್ನು ಅವರ ಬಾಯಿಂದಲೇ ಕೇಳುವುದು ಮಾತ್ರ ಆಗಲಿಲ್ಲ.