ಹೂಂ ಅನ್ನಲು ಬಿಟ್ಟ ಜಾಗ

ಮೊನ್ನೆ ಚಾರ್ಜರ್ ಹುಡುಕುವಾಗ ಡ್ರಾಯರಿನಲ್ಲಿ ಒಂದು ಹಳೆಯ ಇಯರ್‌ಫೋನ್ ಸಿಕ್ಕಿತು. ಒಂದೇ ಕಿವಿಯದು ಕೇಳುತ್ತದೆ, ಇನ್ನೊಂದು ಎಂದೋ ಕೆಟ್ಟಿದೆ. ಎಸೆಯಲೆಂದು ಎತ್ತಿಕೊಂಡವಳು ಹಾಗೇ ಕೂತುಬಿಟ್ಟೆ. ಅದು ಬನಹಟ್ಟಿಯ ನಮ್ಮ ಪಕ್ಕದ ಮನೆಯ ಭಜನಿ ಕಾಕಾರದು. ಹೊಸದು ತರುತ್ತೇನೆಂದರೆ ಬೇಡವೆನ್ನುತ್ತಿದ್ದರು. “ಇನ್ನೊಂದ ಕಿವಿ ಓಣಿಗಿ ಬೇಕಲಾ...”

ಓಣಿಯ ಭಜನಾ ಮೇಳದಲ್ಲಿ ಮುಂದೆ ನಿಂತು ಹಾಡುತ್ತಿದ್ದವರು ಅವರು. ವಯಸ್ಸಾದ ಮೇಲೆ ಕಣ್ಣು ಪೂರಾ ಹೋದವು. ಹಾಡಿಗೇನೂ ತೊಂದರೆಯಾಗಲಿಲ್ಲ, ಪೇಪರಿಗೆ ಆಯಿತು. ಓದಿ ಹೇಳಿರೆಂದು ದಿನಾ ಮನೆಯವರ ಪುರಸೊತ್ತು ಕಾಯುವುದು ಆ ಮನುಷ್ಯನಿಗೆ ಬಲು ಸಂಕಟದ ಮಾತಾಗಿತ್ತು.

ಆಗಷ್ಟೇ ಜಮಖಂಡಿಯಲ್ಲಿ ಕಾಲೇಜು ಮುಗಿಸಿದ ನಾನು, ಫೋನಿನಲ್ಲಿರುವುದನ್ನು ಓದಿ ಹೇಳುವ ಒಂದು ಓಪನ್ ಸೋರ್ಸ್ ತಂತ್ರಾಂಶದ ಕನ್ನಡ ದನಿಯನ್ನು ತಿದ್ದುವ ಕೆಲಸಕ್ಕೆ ಕೈಹಚ್ಚಿದ್ದೆ. ಅದರ ಕೋಡ್ ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ತಿದ್ದಿ ಕಳಿಸಬಹುದು, ಉಳಿದವರು ನೋಡಿ ಒಪ್ಪಿದರೆ ಸೇರುತ್ತದೆ. ಅದನ್ನೇ ಕಾಕಾರ ಫೋನಿಗೆ ಹಾಕಿಕೊಟ್ಟೆ. ಕರೆಂಟ್ ಹೋಗಿ ಓಣಿಯ ಮಗ್ಗಗಳ ಸದ್ದು ನಿಂತ ಹೊತ್ತು ನೋಡಿ ಕಟ್ಟೆಯ ಮೇಲೆ ಕೂತು ಫೋನಿನಲ್ಲೇ ಬರುವ ಪೇಪರ್ ಕೇಳಿದರು. ಸ್ವಲ್ಪ ಹೊತ್ತಿಗೇ ಕಿವಿಯಿಂದ ಕಿತ್ತರು.

“ಏನ ಬೇ ತಂಗಿ, ಇಂವಾ ಉಸರರ ಬಿಡತಾನೋ ಇಲ್ಲೋ? ಒಂದ ಸುದ್ದಿ ತಲಿಗಿ ಇಳಿಯೂದ್ರಾಗ ಇನ್ನೊಂದ ಬಂದ ಬೀಳತೈತಿ.”

ಪ್ರತಿ ಸಾಲಿನ ಕೊನೆಗೆ ದನಿ ತುಸು ನಿಲ್ಲುವಂತೆ ಕೋಡ್ ಬರೆದೆ. ಜೊತೆಗೆ ನನ್ನ ಕಣ್ಣಿಗೆ ಸರಿಕಾಣದ್ದನ್ನೆಲ್ಲ ತಿದ್ದಿ, ಒಂದೇ ಗಂಟು ಕಟ್ಟಿ ಕಳಿಸಿದೆ. ವಾಪಸ್ ಬಂತು. ಯಾವುದು ಯಾತಕ್ಕೆಂದು ತಿಳಿಯುತ್ತಿಲ್ಲ, ಬಿಡಿಸಿ ಕಳಿಸಿ ಎಂದು ಮುಖ ಕಾಣದ ಯಾರೋ ಎಲ್ಲರೆದುರೇ ಬರೆದಿದ್ದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಇವರ ಸಹವಾಸ ಸಾಕು, ಬಿಟ್ಟೇಬಿಡುತ್ತೇನೆ ಎಂದು ಕಾಕಾರ ಮುಂದೆ ಹರಿಹಾಯ್ದೆ.

ಅವರು ಸಮಾಧಾನ ಹೇಳಲಿಲ್ಲ, ನಕ್ಕರು. “ಮುಂದ ನಿಂತಾಂವ ಒಂದ ಉಸರಿನ್ಯಾಗ ಇಡೀ ಪದಾ ಹಾಡಿಬಿಟ್ರ ಹಿಂದಿನವ್ರು ಹೆಂಗ ಹಿಡೀಬೇಕ? ಒಂದ ನುಡಿ ಹಾಡಬೇಕು, ಅವ್ರಿಗಿ ಜಾಗಾ ಬಿಡಬೇಕು. ಆ ಫೋನಿನ ದನಿಗೂ ಅದ ರೋಗ, ನಿನಗೂ ಅದ ರೋಗ ನೋಡ.”

ಮೈ ಉರಿಯಿತು. ಆದರೂ ಕೂತು ಗಂಟು ಬಿಚ್ಚಿದೆ. ಒಂದೊಂದೇ ತಿದ್ದುಪಡಿ, ಯಾಕೆಂದು ಎರಡು ಮಾತು, ಕಳಿಸುವುದು, ಕಾಯುವುದು... ಇನ್ನೊಬ್ಬರಿಗಾಗಿ ನಿಲ್ಲುವುದನ್ನು ನಾನು ಕಲಿತದ್ದು ಆಗಲೇ. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಕಡಿಮೆಯಾಗಿ ಹಂಗಾಮು ಮುಗಿಯುವ ಹೊತ್ತಿಗೆ ನನ್ನ ಕೋಡ್ ಸೇರಿತು.

ಕಾಕಾ ಮತ್ತೆ ಕಟ್ಟೆಗೆ ಬಂದರು. ದನಿ ಒಂದು ಸಾಲು ಓದಿ ನಿಂತಿತು. ಕಾಕಾ “ಹೂಂ” ಅಂದರು. ಮತ್ತೊಂದು ಸಾಲು. “ಹೂಂ.” ಕಥೆ ಕೇಳುವವರ ಹಾಗೆ! ಆಮೇಲೆ ಬೆಳಿಗ್ಗೆಯೆಲ್ಲ ಗೋಡೆಯಾಚೆಯಿಂದ ಆ ಹೂಂ ಕೇಳುತ್ತಿತ್ತು. ಯಾರನ್ನೂ ಕಾಯದೆ ಇಡೀ ಪೇಪರು ಮುಗಿಸುತ್ತಿದ್ದರು.

ಅವರು ಹೋಗಿ ವರ್ಷಗಳಾದವು. “ಇದ ನಿಮ್ಮ ಹತ್ರನ ಇರಲಿ ಅಕ್ಕಾ” ಎಂದು ಅವರ ಸೊಸೆ ಈ ಇಯರ್‌ಫೋನ್ ತಂದುಕೊಟ್ಟಿದ್ದಳು. ಆ ಕೋಡನ್ನು ಈಗ ನಾನು ನೋಡಿರದ ಯಾರ್ಯಾರೋ ಮುಂದುವರಿಸಿದ್ದಾರೆ. ನಾನು ಬರೆದ ಸಾಲುಗಳು ಹೆಚ್ಚು ಉಳಿದಿಲ್ಲ. ಅದಕ್ಕೆ ಬೇಸರವಿಲ್ಲ, ಕಾಕಾ ಇಲ್ಲವೆನ್ನುವುದಕ್ಕೆ ಇದೆ.

ಇಯರ್‌ಫೋನ್ ಸಿಕ್ಕಿಸಿಕೊಂಡು ನನ್ನ ಫೋನಿನಲ್ಲಿ ಆ ದಿನದ ಪೇಪರ್ ಹಚ್ಚಿದೆ. ದನಿ ಒಂದು ಸಾಲು ಓದಿತು, ನಿಂತಿತು... ಗೋಡೆಯಾಚೆ ಸದ್ದಿಲ್ಲ. ಮುಂದಿನ ಸಾಲು ಬರುವ ಮೊದಲು ನಾನೇ “ಹೂಂ” ಅಂದೆ.