ಗೋಮಿ ದಡಿಯ ಸೀರೆ

ಟೀವಿಯ ಪತ್ತೇದಾರಿ ಕಾರ್ಟೂನೊಂದನ್ನು ನಮ್ಮ ಕಡೆಯ ಕತೆಯಾಗಿಸಿ ಕಾಮಿಕ್ಸ್ ತರುವ ಹುಚ್ಚು ನವನಗರದ ನಮ್ಮ ಪ್ರಕಾಶಕರಿಗೆ. ಬೇಗ ಮುಗಿಯಲೆಂದು ಮೊದಲರ್ಧದ ಚಿತ್ರ ನನಗೆ, ಉಳಿದರ್ಧ ಇನ್ನೊಬ್ಬನಿಗೆ ಹಂಚಿದರು. ಒಬ್ಬರ ಹಾಳೆ ಇನ್ನೊಬ್ಬರು ನೋಡಲಿಲ್ಲ. ನೋಡಿರೆಂದು ಆ ಮಹಾಶಯರೂ ಹೇಳಲಿಲ್ಲ.

ಅಚ್ಚಿಗೆ ಹೋಗುವ ಹಾಳೆಗಳನ್ನು ಹಿಡಿದು ಇಳಕಲ್ಲಿನಿಂದ ಹುನಗುಂದದ ಬಸ್ಸು ಹತ್ತಿದ್ದೆ. ಪಕ್ಕದಲ್ಲಿದ್ದ ಸೀರೆ ನೇಯುವ ಹೆಂಗಸು ಅವನ್ನು ಇಸಿದುಕೊಂಡು ಪೂರ್ತಿ ಓದಿ, "ಕಳ್ಳಿ ಈಕಿ ಅಲ್ಲರಿ" ಅಂದಳು.

"ಯಾಕ್ರಿ?"

"ಬಾಗಲಕ್ಕ ಸಿಕ್ಕ ಸೀರಿ ಚೂರು ನೋಡೇ ಪತ್ತೇದಾರ ಹಿಡೀತಾನ ಹೌದಿಲ್ಲರಿ? ಆ ಚೂರಿನ ಅಂಚು ನೋಡ್ರಿ, ಗೋಮಿ ದಡಿ. ಕೋಳ ಹಾಕಿಸಿಕೊಂಡಾಕಿ ಉಟ್ಟಿದ್ದು ಚಿಕ್ಕಿ ಪರಾಸ ದಡಿದು. ಗೋಮಿ ಉಟ್ಟಾಕಿ ಇಲ್ಲಿ ನಿಂತಾಳ ನೋಡ್ರಿ, ಗೌಡರ ಹೆಂಡ್ತಿ."

ಚೂರು ಬರೆದವನು ನಾನು, ಕೋಳ ಹಾಕಿಸಿದವನು ಇನ್ನೊಬ್ಬ. ಅಲ್ಲಿಂದಲೇ ಪ್ರಕಾಶಕರಿಗೆ ಫೋನು ಹಚ್ಚಿದೆ.

"ಹುಡುಗರು ದಡಿ ನೋಡ್ತಾರೇನ್ರಿ?" ಬಸ್ಸಿಗೆಲ್ಲ ಕೇಳುವಂತೆ ನಕ್ಕರು. "ಕಳ್ಳಿ ಸೀರಿ ಬದಲಿಸಿದ್ಲು ಅಂತ ಒಂದು ಸಾಲು ಸೇರಿಸ್ರಿ, ಮುಗೀತು."

ಯಾರೂ ಏನೂ ಗಮನಿಸುವುದಿಲ್ಲ ಎಂದು ನಂಬಿದ ಮನುಷ್ಯ ಪತ್ತೇದಾರಿ ಕತೆ ಮಾರಲು ಹೊರಟಿದ್ದಾನೆ!

ಹೆಂಗಸು ಹಾಳೆಯಿಂದ ತಲೆ ಎತ್ತಲಿಲ್ಲ. "ಸೀರಿ ನೋಡಿ ಹಿಡದೀರಿ. ಸೀರಿ ಬದಲಿಸಿದ್ರ ಏನ್ ನೋಡಿ ಹಿಡದ್ರಿ ಅಂತ ಕೇಳ್ರಿ ಅವರಿಗೆ."

ಕೇಳಿದೆ. ಫೋನು ಕಟ್ಟಾಯಿತು.

ಪುಸ್ತಕ ಬಂದಿದೆ, ಆ ಸಾಲಿನ ಸಮೇತ. ಕೊನೆಯ ಪುಟದಲ್ಲಿ ಪತ್ತೇದಾರ ಎದೆ ಉಬ್ಬಿಸಿ ನಿಂತಿದ್ದಾನೆ. ಎಲ್ಲರಿಗಿಂತ ಮುಂದೆ ನಿಂತು ಅವನಿಗೆ ಚಪ್ಪಾಳೆ ತಟ್ಟುತ್ತಿರುವವಳು ಗೋಮಿ ದಡಿಯ ಸೀರೆ ಉಟ್ಟ ಗೌಡರ ಹೆಂಡತಿ.